ಗರ್ಭಿಣಿಯ ರಕ್ತಹೀನತೆ: ಅಳತೆ, ಮಾತ್ರೆ, ಕೈತಪ್ಪಿದ ವಾರಗಳು

ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ 1928ರಲ್ಲಿ ಮುಂಬೈಗೆ ಬಂದರು. ಭಾರತದಲ್ಲಿ ಬಾಣಂತಿಯರು ಯಾಕಿಷ್ಟು ಸಾಯುತ್ತಾರೆ ಎಂದು ಹುಡುಕುತ್ತಿದ್ದ ಡಾ. ಮಾರ್ಗರೆಟ್ ಬಾಲ್ಫರ್ ವಿಲ್ಸ್ ಅವರನ್ನು ಕರೆಸಿಕೊಂಡಿದ್ದರು. ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಪ್ರಯೋಗಶಾಲೆ, ಊರಿನ ಹೆರಿಗೆ ಆಸ್ಪತ್ರೆಗಳಲ್ಲಿ ರೋಗಿಗಳು. ಬಟ್ಟೆ ಗಿರಣಿಯ ಬಡ ಹೆಂಗಸರು ಏಳು-ಎಂಟು ತಿಂಗಳಾಗುವ ಹೊತ್ತಿಗೆ ಬಿಳಿಚಿಕೊಂಡು, ಏದುಸಿರು ಬಿಡುತ್ತ ಆಸ್ಪತ್ರೆಗೆ ಬರುತ್ತಿದ್ದರು. ಸೂಕ್ಷ್ಮದರ್ಶಕದಲ್ಲಿ ಅವರ ಕೆಂಪು ರಕ್ತಕಣಗಳು ಇರಬೇಕಾದುದಕ್ಕಿಂತ ದೊಡ್ಡದಾಗಿ ಕಾಣುತ್ತಿದ್ದವು. ಇದನ್ನು ಗರ್ಭಿಣಿಯರ ಮಾರಕ ರಕ್ತಹೀನತೆ ಎಂದು ಕರೆದು ವೈದ್ಯರು ಕೈಚೆಲ್ಲಿದ್ದ ಕಾಲ ಅದು.

ವಿಲ್ಸ್ ಸೋಂಕಿನ ಜಾಡು ಹಿಡಿದು ನೋಡಿದರು, ಫಲ ಸಿಗಲಿಲ್ಲ. ಆಮೇಲೆ ಅವರು ಕೇಳಿದ್ದು ಸರಳ ಪ್ರಶ್ನೆ: ಈ ಹೆಂಗಸರು ಏನು ತಿನ್ನುತ್ತಾರೆ? ಹಣ್ಣು, ತರಕಾರಿ, ಹಾಲು, ಮಾಂಸ ಇವೆಲ್ಲ ಅವರ ತಟ್ಟೆಗೆ ಬರುವುದೇ ಅಪರೂಪವಾಗಿತ್ತು. ಅದೇ ಊಟವನ್ನು ಇಲಿಗಳಿಗೆ, ಮುಂದೆ ಕೋತಿಗಳಿಗೆ ಹಾಕಿ ನೋಡಿದಾಗ ಅವಕ್ಕೂ ರಕ್ತ ಬತ್ತಿತು. ಸೊರಗಿ ಹೋಗಿದ್ದ ಒಂದು ಕೋತಿಗೆ ಮಾರ್ಮೈಟ್ ಕೊಟ್ಟರು. ಯೀಸ್ಟ್ ಸಾರದಿಂದ ಮಾಡಿದ, ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಅಗ್ಗದ ಪದಾರ್ಥ ಅದು. ಕೋತಿ ಚೇತರಿಸಿಕೊಂಡಿತು. ಅದನ್ನೇ ಗರ್ಭಿಣಿಯರಿಗೆ ಕೊಟ್ಟಾಗ ಕೆಲವೇ ದಿನಗಳಲ್ಲಿ ಹೊಸ ರಕ್ತಕಣಗಳು ಹುಟ್ಟತೊಡಗಿದವು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಫಲಿತಾಂಶ ಅಚ್ಚಾಯಿತು. ಯೀಸ್ಟಿನೊಳಗಿದ್ದ ಆ ಅಂಶಕ್ಕೆ ಕೆಲಕಾಲ 'ವಿಲ್ಸ್ ಫ್ಯಾಕ್ಟರ್' ಎಂದೇ ಹೆಸರಿತ್ತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಫೋಲಿಕ್ ಆಮ್ಲವನ್ನು ಬೇರ್ಪಡಿಸಿದರು. 1945ರ ಸುಮಾರಿಗೆ ಲೆಡರ್ಲಿ ಪ್ರಯೋಗಶಾಲೆಯಲ್ಲಿ ನಮ್ಮ ನೆರೆಯ ಆಂಧ್ರದ ಭೀಮವರಂನ ಯಲ್ಲಪ್ರಗಡ ಸುಬ್ಬರಾವ್ ಅವರ ತಂಡ ಅದನ್ನು ಕೃತಕವಾಗಿ ತಯಾರಿಸಿತು. ಇವತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣದ ಜೊತೆ 500 ಮೈಕ್ರೊಗ್ರಾಂ ಫೋಲಿಕ್ ಆಮ್ಲ ಇರುವುದರ ಹಿಂದೆ ಈ ಇತಿಹಾಸವಿದೆ.

ವಿಲ್ಸ್ ಬಗೆಹರಿಸಿದ್ದು ಸಮಸ್ಯೆಯ ಒಂದು ತುಂಡನ್ನು ಮಾತ್ರ. ದೊಡ್ಡ ಪಾಲು ಕಬ್ಬಿಣದ ಕೊರತೆಯದು. ಒಂದು ಬಸಿರಿಗೆ ಹೆಚ್ಚುವರಿಯಾಗಿ ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಅದರಲ್ಲಿ ಸುಮಾರು 300 ಮಗುವಿಗೂ ಮಾಸಿಗೂ ಹೋಗುತ್ತದೆ, 500 ತಾಯಿಯ ಹೆಚ್ಚುವ ರಕ್ತಕ್ಕೆ, ಉಳಿದ 200 ದೇಹದಿಂದ ಎಂದಿನಂತೆ ನಷ್ಟವಾಗುವುದನ್ನು ತುಂಬಲಿಕ್ಕೆ. ಈ ಬೇಡಿಕೆಯ ಬಹುಪಾಲು ಐದನೇ ತಿಂಗಳ ನಂತರ ಒಮ್ಮೆಗೇ ಏರುತ್ತದೆ. ಮೈಯಲ್ಲಿ ದಾಸ್ತಾನು ಇಲ್ಲದೆ ಬಸಿರಾದವಳಿಗೆ ಊಟವೊಂದರಿಂದಲೇ ಇದನ್ನು ಹೊಂದಿಸುವುದು ಆಗದ ಮಾತು. ಸೊಪ್ಪು ತಿನ್ನು, ದಾಳಿಂಬೆ ತಿನ್ನು ಎಂದು ಹೇಳಿ ಕಳಿಸುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಇನ್ನು ಪತ್ತೆಯ ವಿಷಯ. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಅಸಡ್ಡೆಗೆ ಒಳಗಾದದ್ದು ಇದೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಹಳ್ಳಿಗಳ ಉಪಕೇಂದ್ರಗಳಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದದ್ದು ಸ್ವಿಟ್ಜರ್‌ಲೆಂಡಿನ ಹರ್ಮನ್ ಸಾಹ್ಲಿ 20ನೇ ಶತಮಾನದ ಆರಂಭದಲ್ಲಿ ರೂಪಿಸಿದ, ಹಿಮೋಗ್ಲೋಬಿನ್ ಅಳೆಯುವ ವಿಧಾನ. ಗೆರೆ ಹಾಕಿದ ಗಾಜಿನ ಕೊಳವೆಗೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಬೇಕು. ಬೆರಳು ಚುಚ್ಚಿ, ಸಣ್ಣ ಪಿಪೆಟ್ಟಿನ 20ರ ಗೆರೆಯವರೆಗೆ ಬಾಯಿಂದ ರಕ್ತ ಎಳೆದು ಅದಕ್ಕೆ ಸೇರಿಸಬೇಕು. ಹತ್ತು ನಿಮಿಷದಷ್ಟು ಕಾದರೆ ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಹನಿಹನಿಯಾಗಿ ಬಟ್ಟಿ ಇಳಿಸಿದ ನೀರು ಬಿಡುತ್ತ, ಕಡ್ಡಿಯಿಂದ ಕದಡುತ್ತ, ಪಕ್ಕದ ಕಂದು ಗಾಜಿನ ಬಣ್ಣಕ್ಕೆ ಸರಿಹೊಂದುವ ತನಕ ಬೆಳಕಿಗೆ ಹಿಡಿದು ನೋಡುತ್ತಿರಬೇಕು. ಕಿಟಕಿಯ ಬೆಳಕು ಮಂಕಾಗಿದ್ದರೆ ಒಂದು ಅಂಕಿ, ಬಿಸಿಲಿದ್ದರೆ ಇನ್ನೊಂದು. ಒಂದು ಹನಿ ನೀರು ಹೆಚ್ಚಾದರೆ ಹಿಂದಕ್ಕೆ ತೆಗೆಯುವಂತಿಲ್ಲ. ಸಾಲಿನಲ್ಲಿ ಮೂವತ್ತು ಬಸುರಿಯರು ಕೂತಿದ್ದರೆ ಹತ್ತು ನಿಮಿಷ ಯಾರು ಕಾಯುತ್ತಾರೆ? ಹೀಗಾಗಿ ತಾಯಿ ಕಾರ್ಡುಗಳಲ್ಲಿ ಸಾಲಾಗಿ 10, 10, 10 ಎಂಬ ಅಂಕಿಗಳು ತುಂಬಿಕೊಂಡರೆ ದೂರಬೇಕಾದದ್ದು ಆ ನರ್ಸಮ್ಮನನ್ನಲ್ಲ, ಅವರ ಕೈಗೆ ಆ ಕೊಳವೆ ಕೊಟ್ಟು ಸುಮ್ಮನಾದ ವ್ಯವಸ್ಥೆಯನ್ನು.

ಕಣ್ಣರೆಪ್ಪೆಯ ಒಳಭಾಗ ಬಿಳಿಚಿದೆಯೇ ಎಂದು ನೋಡುವುದು ಇನ್ನೂ ಹಳೆಯ ಪರೀಕ್ಷೆ. ತೀವ್ರ ರಕ್ತಹೀನತೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಸಾಧಾರಣ ಮಟ್ಟದ್ದು ಅದರ ಕಣ್ಣಿಗೆ ಬೀಳುವುದಿಲ್ಲ. 1990ರ ದಶಕದಲ್ಲಿ ಸ್ಟಾಟ್ ಮತ್ತು ಲೂಯಿಸ್ ಎಂಬಿಬ್ಬರು ವಿಶೇಷ ಕಾಗದಕ್ಕೆ ಒಂದು ಹನಿ ರಕ್ತ ತಾಗಿಸಿ ಆರು ಕೆಂಪು ಛಾಯೆಗಳೊಡನೆ ಹೋಲಿಸುವ ಪಟ್ಟಿ ತಂದರು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ತನ್ನ ಹೆಸರು ಕೊಟ್ಟಿತು. ಬೆರಳ ತುದಿಯ ರಕ್ತವನ್ನು ಕ್ಷಣದಲ್ಲಿ ಓದುವ ಹಿಮೋಕ್ಯೂನಂಥ ಡಿಜಿಟಲ್ ಉಪಕರಣಗಳು ಬಂದದ್ದು ದೊಡ್ಡ ಹೆಜ್ಜೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಡಿಜಿಟಲ್ ಮೀಟರನ್ನೇ ಬಳಸಬೇಕೆಂದಿತು. ಅದೇ ವರ್ಷ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಉಗುರಿನ ಫೋಟೊ ನೋಡಿ ಹಿಮೋಗ್ಲೋಬಿನ್ ಅಂದಾಜಿಸುವ ಮೊಬೈಲ್ ತಂತ್ರಾಂಶವನ್ನು ಪ್ರಕಟಿಸಿದರು. ಜರಡಿ ಹಿಡಿಯಲು ಇಂಥವು ಸಾಕಾಗಬಹುದು, ಚಿಕಿತ್ಸೆ ತೀರ್ಮಾನಿಸಲು ಸಾಲವು.

ಅಳತೆಗೋಲಿನಷ್ಟೇ ತಕರಾರು ಗಡಿರೇಖೆಯ ಬಗ್ಗೆಯೂ ಇದೆ. ಬಸಿರಿನಲ್ಲಿ ರಕ್ತದ ದ್ರವಭಾಗ ಅರ್ಧದಷ್ಟು ಹೆಚ್ಚುತ್ತದೆ, ಕೆಂಪುಕಣಗಳು ಅಷ್ಟು ಹೆಚ್ಚುವುದಿಲ್ಲ. ಸಾರಿಗೆ ನೀರು ಬೆರೆಸಿದಂತೆ ರಕ್ತ ತೆಳುವಾಗುತ್ತದೆ. ಇದು ಸಹಜವಾದದ್ದು, ರೋಗವಲ್ಲ. ಆದ್ದರಿಂದ ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ ಎಂಬ ಹಳೆಯ ಮಾನದಂಡ ನಡುವಿನ ಮೂರು ತಿಂಗಳಿಗೆ ಕೊಂಚ ಬಿಗಿಯಾಗಿತ್ತು. 2024ರ ಮಾರ್ಗಸೂಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಅವಧಿಗೆ 10.5 ಎಂದು ನಿಗದಿ ಮಾಡಿತು. ಬೆರಳ ಹನಿಗಿಂತ ರಕ್ತನಾಳದಿಂದ ತೆಗೆದ ರಕ್ತವನ್ನು ಯಂತ್ರದಲ್ಲಿ ಅಳೆಯುವುದೇ ಸರಿ ಎಂದೂ ಹೇಳಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನುರಾ ಕುರ್ಪಾಡ್ ಮತ್ತು ಅವರ ಸಹಸಂಶೋಧಕರು ಈ ಮಾತನ್ನು ಬಹಳ ದಿನದಿಂದ ಹೇಳುತ್ತ ಬಂದಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 52.2ರಷ್ಟು ಗರ್ಭಿಣಿಯರಿಗೆ ರಕ್ತಹೀನತೆ ಕಂಡುಬಂತು. ಅದರ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ. 50.4 ಇತ್ತು. ಇದು ಬೆರಳ ಹನಿಯ ಲೆಕ್ಕ. ಹನಿಯ ದೋಷವನ್ನು ಕಳೆದರೂ ಉಳಿಯುವ ಸಂಖ್ಯೆ ಸಣ್ಣದಲ್ಲ.

ಮಾತ್ರೆಯ ಕತೆಗೆ ಬರೋಣ. 1970ರಲ್ಲಿ ಭಾರತ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದಾಗ ಗರ್ಭಿಣಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ, ನೂರು ದಿನ ಎಂದು ನಿಗದಿಯಾಯಿತು. ದೆಹಲಿ ಮತ್ತು ವೆಲ್ಲೂರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಡೆದ, 1975ರಲ್ಲಿ ಪ್ರಕಟವಾದ ಪ್ರಯೋಗ ಆ ಕಾಲದ ಅತ್ಯಂತ ಜಾಗರೂಕ ಅಧ್ಯಯನಗಳಲ್ಲೊಂದು. ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಪ್ರಮಾಣದ ಕಬ್ಬಿಣ ಕೊಟ್ಟು, ಮಾತ್ರೆ ನುಂಗಿದ್ದನ್ನು ಖಾತ್ರಿಪಡಿಸಿಕೊಂಡು ನೋಡಿದರು. ಬಸಿರಿನ ಕೊನೆಯ ವಾರಗಳಷ್ಟೇ ಸಿಕ್ಕಾಗ, ಮಾತ್ರೆ ತಪ್ಪದೆ ನುಂಗಿದವರಲ್ಲೂ ಎಲ್ಲರ ರಕ್ತಹೀನತೆ ಹೋಗಲಿಲ್ಲ. ಕಾರ್ಯಕ್ರಮ ಇದರಿಂದ ಕಲಿತದ್ದು ಪ್ರಮಾಣ ಹೆಚ್ಚಿಸುವುದನ್ನು. 1990ರ ದಶಕದ ಆರಂಭದಲ್ಲಿ 60 ಹೋಗಿ 100 ಮಿಲಿಗ್ರಾಂ ಆಯಿತು. ಕಲಿಯಬೇಕಿದ್ದದ್ದು ಬೇಗ ಶುರು ಮಾಡುವುದನ್ನು. 2018ರಲ್ಲಿ ಪ್ರಮಾಣ ಮತ್ತೆ 60ಕ್ಕೆ ಇಳಿದು, ಅವಧಿ 180 ದಿನಕ್ಕೆ ಏರಿತು. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ 180 ದಿನ ಮಾತ್ರೆ ತೆಗೆದುಕೊಂಡವರು ಶೇ. 26 ಮಾತ್ರ.

ಉಳಿದವರು ಯಾಕೆ ಬಿಟ್ಟರು? ವಾಕರಿಕೆ, ಮಲಬದ್ಧತೆ, ಕಪ್ಪು ಮಲ ಇವು ಮೊದಲ ಕಾರಣಗಳು. ಮಾತ್ರೆಯ ದಾಸ್ತಾನು ಮುಗಿಯುವುದು ಎರಡನೆಯದು. ಮೂರನೆಯದಕ್ಕೆ ನಮ್ಮದೇ ನೆಲದ ಸಾಕ್ಷ್ಯವಿದೆ. ದಕ್ಷಿಣ ಕನ್ನಡದಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞ ದಂಪತಿ ಮಾರ್ಕ್ ಮತ್ತು ಮಿಮಿ ನಿಕ್ಟರ್ 1983ರಲ್ಲಿ ಬರೆದ ಲೇಖನದಲ್ಲಿ, ಮಗು ದೊಡ್ಡದಾದರೆ ಹೆರಿಗೆ ಕಷ್ಟವಾದೀತೆಂಬ ಅಂಜಿಕೆ ಬಸುರಿಯರಲ್ಲಿ ಎಷ್ಟು ಆಳವಾಗಿದೆ ಎಂಬುದನ್ನು ದಾಖಲಿಸಿದರು. ಅಂಥ ಮನೆಗೆ 'ಈ ಮಾತ್ರೆಯಿಂದ ಮಗು ಚೆನ್ನಾಗಿ ಬೆಳೆಯುತ್ತದೆ' ಎಂದು ಹೇಳಿ ಮಾತ್ರೆ ಕೊಟ್ಟರೆ ಏನಾಗಬಹುದು? 'ಹೆರಿಗೆಯಲ್ಲಿ ನಿನಗೆ ಶಕ್ತಿ ಬೇಕಲ್ಲಮ್ಮ, ಅದಕ್ಕೆ ನುಂಗು' ಎನ್ನುವ ಆಶಾ ಕಾರ್ಯಕರ್ತೆಗೆ ಆ ಮನೆಯ ಮನಸ್ಸು ಗೊತ್ತಿರುತ್ತದೆ. ಮಾತ್ರೆ ನುಂಗಿದ ಮೇಲೂ ದಾರಿ ಸಲೀಸಲ್ಲ: ಊಟದ ಬೆನ್ನಿಗೇ ಚಹಾ ಕುಡಿದರೆ, ಕ್ಯಾಲ್ಸಿಯಂ ಮಾತ್ರೆಯನ್ನೂ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ.

ಈ ಶತಮಾನದ ಆರಂಭದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಪತ್ತೆಯಾದದ್ದು ಈ ಕ್ಷೇತ್ರದ ತಿರುವು. ಯಕೃತ್ತಿನಲ್ಲಿ ಹುಟ್ಟುವ ಇದು ಕರುಳಿನಿಂದ ರಕ್ತಕ್ಕೆ ಕಬ್ಬಿಣ ಹೋಗುವ ಬಾಗಿಲನ್ನು ಮುಚ್ಚುತ್ತದೆ. ಸೋಂಕು, ಉರಿಯೂತ ಇದ್ದರೂ ಇದು ಏರುತ್ತದೆ, ದೊಡ್ಡ ಪ್ರಮಾಣದ ಕಬ್ಬಿಣದ ಮಾತ್ರೆ ನುಂಗಿದ ಮರುದಿನವೂ ಏರಿರುತ್ತದೆ. ಸ್ವಿಟ್ಜರ್‌ಲೆಂಡಿನ ಸ್ಟಾಫೆಲ್ ಮತ್ತು ಜಿಮ್ಮರ್‌ಮನ್ ಮೊದಲಾದವರು ಕಬ್ಬಿಣದ ಕೊರತೆಯಿದ್ದ ಯುವತಿಯರಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಕೊಡುವುದಕ್ಕಿಂತ ದಿನ ಬಿಟ್ಟು ದಿನ ಕೊಟ್ಟಾಗ ಹೆಚ್ಚು ಕಬ್ಬಿಣ ಹೀರಿಕೆಯಾಯಿತು. ಆದರೆ ಆ ಯುವತಿಯರು ಗರ್ಭಿಣಿಯರಾಗಿರಲಿಲ್ಲ. ಬಸಿರಿನಲ್ಲಿ ವಾರಗಳು ಎಣಿಕೆಯಷ್ಟೇ ಇರುವುದರಿಂದ ನಮ್ಮ ಸರ್ಕಾರಿ ಕ್ರಮ ಇನ್ನೂ ದಿನನಿತ್ಯದ್ದೇ. ರಕ್ತಹೀನತೆ ಇದ್ದರೆ ದಿನಕ್ಕೆ ಎರಡು ಮಾತ್ರೆ.

ರಕ್ತನಾಳಕ್ಕೇ ಕಬ್ಬಿಣ ಕೊಟ್ಟರೆ ಕರುಳಿನ ಈ ತೊಡಕೇ ಇಲ್ಲ. 1950ರ ದಶಕದ ಐರನ್ ಡೆಕ್ಸ್‌ಟ್ರಾನ್ ಕೆಲವರಲ್ಲಿ ಜೀವಕ್ಕೇ ಅಪಾಯ ತರುವ ಅಲರ್ಜಿ ಉಂಟುಮಾಡುತ್ತಿದ್ದುದರಿಂದ ವೈದ್ಯರು ಹೆದರುತ್ತಿದ್ದರು. ಐರನ್ ಸುಕ್ರೋಸ್ ಸುರಕ್ಷಿತ, ಆದರೆ ಹಲವು ಸಲ ಆಸ್ಪತ್ರೆಗೆ ಬರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಬಂದ ಮೇಲೆ ಒಂದೇ ಸಲಕ್ಕೆ, ಕಾಲು ಗಂಟೆಯಲ್ಲಿ 1,000 ಮಿಲಿಗ್ರಾಂ ಕೊಡುವುದು ಸಾಧ್ಯವಾಯಿತು. ಆಸೆ ದೊಡ್ಡದಾಗಿತ್ತು, ಪ್ರಯೋಗಗಳ ಉತ್ತರ ಸಂಯಮದ್ದು. ಭಾರತದ ನಾಲ್ಕು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ 2,000ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಐರನ್ ಸುಕ್ರೋಸ್ ತಾಯಿಯ ತೊಂದರೆಗಳನ್ನು ಮಾತ್ರೆಗಿಂತ ಕಡಿಮೆ ಮಾಡಲಿಲ್ಲ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸನ್ನು ಮಾತ್ರೆಗೆ ಹೋಲಿಸಿ 2023ರಲ್ಲಿ ಬಂದ ಮಲಾವಿಯ ಪ್ರಯೋಗ, ಅದರ ಬೆನ್ನಿಗೆ ಬಂದ ನೈಜೀರಿಯಾದ ಪ್ರಯೋಗ ಎರಡೂ ಒಂದೇ ದಿಕ್ಕು ತೋರಿಸಿದವು: ಕಬ್ಬಿಣದ ದಾಸ್ತಾನು ಚೆನ್ನಾಗಿ ತುಂಬಿತು, 36ನೇ ವಾರದ ರಕ್ತಹೀನತೆಯಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ. ಹಾಗಾದರೆ ಆ ತಾಯಂದಿರ ರಕ್ತ ಕಡಿಮೆಯಿದ್ದುದಕ್ಕೆ ಕಬ್ಬಿಣವೊಂದೇ ಕಾರಣವಲ್ಲ ಎಂದಾಯಿತು. ಕರ್ನಾಟಕ ಮತ್ತು ರಾಜಸ್ಥಾನದಲ್ಲಿ 4,320 ಗರ್ಭಿಣಿಯರನ್ನು ಸೇರಿಸಿಕೊಂಡ ರ‍್ಯಾಪಿಡ್ಐರನ್ ಪ್ರಯೋಗದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರಿದ್ದಾರೆ. ಅದು ತಾಯಿಯ ಹಿಮೋಗ್ಲೋಬಿನ್ ಜೊತೆಗೆ ಮಗುವಿನ ಜನನ ತೂಕವನ್ನೂ ಮುಖ್ಯ ಪ್ರಶ್ನೆಯಾಗಿ ಕೇಳಿದ್ದು ನನಗೆ ಮೆಚ್ಚುಗೆಯಾಯಿತು.

ಕಬ್ಬಿಣವಲ್ಲದ ಕಾರಣಗಳಲ್ಲಿ ನಮ್ಮ ಕಡೆ ಮುಖ್ಯವಾದದ್ದು ವಿಟಮಿನ್ ಬಿ12ರ ಕೊರತೆ. ಸೇಂಟ್ ಜಾನ್ಸ್ ಸಂಶೋಧಕರು ಬೆಂಗಳೂರಿನ ಗರ್ಭಿಣಿಯರಿಗೆ ದಿನಕ್ಕೆ 50 ಮೈಕ್ರೊಗ್ರಾಂ ಬಿ12 ಮಾತ್ರೆ ಕೊಟ್ಟು ನಡೆಸಿದ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ತಾಯಿಯ ರಕ್ತದಲ್ಲೂ ಎದೆಹಾಲಿನಲ್ಲೂ ಮಗುವಿನಲ್ಲೂ ಬಿ12 ಏರಿತು. ಸರ್ಕಾರಿ ಕೆಂಪು ಮಾತ್ರೆಯಲ್ಲಿ ಬಿ12 ಇಲ್ಲ. ಅಪ್ಪಟ ಸಸ್ಯಾಹಾರಿಗಳೂ, ಮಾಂಸ ಕೊಳ್ಳಲಾರದವರೂ ಇಷ್ಟೊಂದಿರುವ ನಾಡಿನಲ್ಲಿ ಇದು ಚರ್ಚೆಯಾಗಲೇಬೇಕಾದ ಕೊರತೆ.

ರಕ್ತಹೀನತೆಯ ಬೆಲೆ ತೆರಬೇಕಾಗುವುದು ಹೆರಿಗೆಯ ಹೊತ್ತಿನಲ್ಲಿ. ಪಾಕಿಸ್ತಾನ, ನೈಜೀರಿಯಾ, ತಾಂಜಾನಿಯಾ, ಜಾಂಬಿಯಾಗಳಲ್ಲಿ ರಕ್ತಹೀನತೆಯಿದ್ದ 15,068 ತಾಯಂದಿರು ಭಾಗವಹಿಸಿದ ವುಮನ್-2 ಪ್ರಯೋಗ, ಟ್ರಾನೆಕ್ಸಾಮಿಕ್ ಆಮ್ಲವನ್ನು ಮುಂಚಿತವಾಗಿ ಕೊಟ್ಟರೆ ರಕ್ತಸ್ರಾವ ತಡೆಯಬಹುದೇ ಎಂದು ನೋಡಿತು. ತಡೆಯಲಿಲ್ಲ. ಆದರೆ ಅದೇ ದತ್ತಾಂಶದಿಂದ ಹೊರಬಿದ್ದ ಇನ್ನೊಂದು ಸಂಗತಿ ಹೆಚ್ಚು ತೂಕದ್ದು: ಮಧ್ಯಮ ರಕ್ತಹೀನತೆಯವರಿಗೆ ಹೋಲಿಸಿದರೆ ತೀವ್ರ ರಕ್ತಹೀನತೆಯವರು ಸಾಯುವ ಅಥವಾ ಸಾವಿನ ಅಂಚಿಗೆ ಹೋಗುವ ಸಂಭವ ಸುಮಾರು ಏಳು ಪಟ್ಟು. ಕೊಪ್ಪಳದಲ್ಲಿ ಗೀತಾ ಸೇನ್, ಅದಿತಿ ಅಯ್ಯರ್ ಅವರ ತಂಡ ತಾಯಂದಿರ ಸಾವುಗಳ ಬಗ್ಗೆ ಮನೆಯವರನ್ನು ಮಾತಾಡಿಸಿ ನಡೆಸಿದ ವಿಚಾರಣೆಯಲ್ಲೂ, ಬಸಿರಿನಲ್ಲಿ ಕಡೆಗಣಿಸಲ್ಪಟ್ಟ ರಕ್ತಹೀನತೆ ಕಾಣಿಸಿತ್ತು.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದು, ಹೊಸ ಔಷಧಿಗಿಂತ ಮೊದಲು ಬೇಕಿರುವುದು ವಾರಗಳು. ಮೂರನೇ ತಿಂಗಳೊಳಗೆ ಹೆಸರು ನೋಂದಾಯಿಸಿ, ಆ ದಿನವೇ ಮೀಟರಿನಲ್ಲಿ ಹಿಮೋಗ್ಲೋಬಿನ್ ನೋಡಿ, ಒಂದು ತಿಂಗಳು ಮಾತ್ರೆ ಕೊಟ್ಟ ಮೇಲೆ ಮತ್ತೆ ನೋಡಿ, ಏರದಿದ್ದರೆ ಕಾರಣ ಹುಡುಕಿ ಇಂಜೆಕ್ಷನ್ನಿಗೆ ಕಳಿಸಲು ಸಮಯ ಉಳಿಯುತ್ತದೆ. ಎಂಟನೇ ತಿಂಗಳಲ್ಲಿ 6 ಗ್ರಾಂ ಎಂದು ಗೊತ್ತಾದರೆ ಉಳಿಯುವುದು ದಾಖಲಾತಿ, ರಕ್ತದ ಬಾಟಲಿಗಾಗಿ ಮನೆಯವರ ಓಡಾಟ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡು ಮನೆಗೆ ಹೋದ ಬಾಣಂತಿ ಅದೇ ಬರಿದಾದ ದಾಸ್ತಾನಿನೊಂದಿಗೆ ಮತ್ತೆ ಬಸಿರಾಗುತ್ತಾಳೆ. ಆದ್ದರಿಂದಲೇ ಈಗಿನ ಪ್ರಯೋಗಗಳು ಹೆರಿಗೆಯ ನಂತರದ ದಿನಗಳಲ್ಲೇ ಕಬ್ಬಿಣದ ಇಂಜೆಕ್ಷನ್ ಕೊಟ್ಟು ನೋಡುತ್ತಿವೆ. ಬಾಣಂತಿಗೆ ಇನ್ನೂ 180 ದಿನ ಮಾತ್ರೆ ಕೊಡಬೇಕೆಂದು ನಮ್ಮ ಕಾರ್ಯಕ್ರಮದಲ್ಲೂ ಬರೆದಿದೆ. ಅವಳ ಹಿಮೋಗ್ಲೋಬಿನ್ ಎಷ್ಟಾಯಿತೆಂದು ಆ ಆರು ತಿಂಗಳಲ್ಲಿ ನೋಡುವವರು ಮಾತ್ರ ಕಡಿಮೆ.