ಸೀಟು ವಾಪಸ್ ಬಂದ ಕಥೆ

2009ರ ಏಪ್ರಿಲ್. ಎಡಿನ್‌ಬರೋದ ಸೈಕಲ್ ಮೆಕ್ಯಾನಿಕ್ ಡ್ಯಾನಿ ಮ್ಯಾಕ್‌ಆಸ್ಕಿಲ್ ಮೊನಚು ಕಂಬಿಬೇಲಿ ಮೇಲೆ ಸೈಕಲ್ ಓಡಿಸಿದ ವಿಡಿಯೋ ಯೂಟ್ಯೂಬಿಗೆ ಬಂತು. ಎಲ್ಲರೂ ಅವನ ಧೈರ್ಯ ನೋಡಿದ್ರು. ನೀವು ಫ್ರೇಮ್ ನೋಡಿ.

ಸೈಕಲ್ ಟ್ರಯಲ್ಸ್ ಹುಟ್ಟಿದ್ದು ಸ್ಪೇನ್‌ನಲ್ಲಿ, ಮೋಟಾರ್‌ಸೈಕಲ್ ಟ್ರಯಲ್ಸ್ ನೋಡಿಕೊಂಡು. ಕಾಲು ನೆಲಕ್ಕೆ ತಾಗಿದ್ರೆ ದಂಡ. ಹಾಗಾಗಿ ಸ್ಪರ್ಧೆಯ ಫ್ರೇಮು ಹಗುರವಾಗ್ತಾ ಹೋಯ್ತು, ಕೊನೆಗೆ ಸೀಟೇ ಮಾಯ! ಪೆಡಲ್ ತಿರುಗೋ ಅಚ್ಚು ಚಕ್ರದ ಅಚ್ಚಿಗಿಂತ ಮೇಲೇರಿತು. ಹಿಂದಿನ ಚಕ್ರದ ಮೇಲೆ ಕುಪ್ಪಳಿಸೋಕೆ ಅದು ಅನುಕೂಲ.

ಬೀದಿಯ ಲೆಕ್ಕ ಬೇರೆ. ಗೋಡೆಯಿಂದ ಕಾಂಕ್ರೀಟಿಗೆ ಜಿಗಿಬೇಕು, ಗಾಳಿಯಲ್ಲೇ ತಿರುಗಬೇಕು. ಡ್ಯಾನಿ ಓಡಿಸಿದ ಇನ್‌ಸ್ಪೈರ್ಡ್ ಸೈಕಲ್ಲಿಗೆ 24 ಇಂಚಿನ ಚಕ್ರ, ಬಿಎಂಎಕ್ಸ್‌ನ 20ಕ್ಕೂ ಮೌಂಟೇನ್ ಬೈಕಿನ 26ಕ್ಕೂ ನಡುವೆ. ಸೀಟೂ ಇತ್ತು.

ಹಳೇ ಸ್ಪರ್ಧೆ ಫ್ರೇಮು ಅಗ್ಗಕ್ಕೆ ಸಿಕ್ತು ಅಂತ ಬೀದಿಗೆ ತರೋರು ಹೆಡ್ ಟ್ಯೂಬಿನ ವೆಲ್ಡ್ ನೋಡ್ಕೊಳ್ಳಿ. ಅಲ್ಲಿ ಬಿರುಕು ಬಿಟ್ರೆ ಮೊದಲು ನೆಲಕ್ಕೆ ತಾಗೋದು ಮುಖ.