ಪೋಸ್ಟ್‌ಬ್ಯಾಕ್ ಅಧ್ಯಯನ (ಅಮೆರಿಕದ ವೈದ್ಯಕೀಯ ಪ್ರವೇಶ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪದವೀಧರರು ವೈದ್ಯಕೀಯ ಕಾಲೇಜಿಗೆ ಅರ್ಜಿ ಹಾಕುವ ಮುನ್ನ ಮಾಡಿಕೊಳ್ಳುವ ಹೆಚ್ಚುವರಿ ವಿಜ್ಞಾನ ಅಧ್ಯಯನಕ್ಕೆ ಪೋಸ್ಟ್‌ಬ್ಯಾಕ್ ಎಂದು ಹೆಸರು. ಪಿಯುಸಿ ಮುಗಿಸಿ ನೀಟ್ ಬರೆದು ನೇರ ಎಂಬಿಬಿಎಸ್‌ಗೆ ಸೇರುವ ಭಾರತದ ಪದ್ಧತಿ ಅಲ್ಲಿಲ್ಲ. ಅಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣ. ಪದವಿ ಇತಿಹಾಸದ್ದಾಗಿರಲಿ, ಸಂಗೀತದ್ದಾಗಿರಲಿ, ಅಡ್ಡಿಯಿಲ್ಲ. ಆದರೆ ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಪ್ರಯೋಗಾಲಯದೊಂದಿಗೆ ಓದಿರಬೇಕೆಂದು ಹೆಚ್ಚಿನ ಕಾಲೇಜುಗಳು ಬಯಸುತ್ತವೆ. ಜೀವರಸಾಯನಶಾಸ್ತ್ರವನ್ನೂ ಹಲವು ಕಾಲೇಜುಗಳು ಕೇಳುತ್ತವೆ. ಎಂಕ್ಯಾಟ್ ಪ್ರವೇಶ ಪರೀಕ್ಷೆಗೂ ಈ ಓದೇ ಬುನಾದಿ.

ಪೋಸ್ಟ್‌ಬ್ಯಾಕ್ ಹಾದಿಗೆ ಬರುವವರು ಮುಖ್ಯವಾಗಿ ಎರಡು ಬಗೆ: ವಿಜ್ಞಾನವನ್ನೇ ಓದದೆ ಬೇರೆ ವೃತ್ತಿಯಿಂದ ಹೊರಳುವವರು, ಓದಿಯೂ ಕಡಿಮೆ ಗ್ರೇಡ್ ಪಡೆದವರು. ಈ ಓದಿಗೆ ಔಪಚಾರಿಕ, ಅನೌಪಚಾರಿಕ ಎಂಬ ಎರಡು ಹಾದಿಗಳಿವೆ. ಅವುಗಳಲ್ಲಿ ಒಂದನ್ನು ಆರಿಸುವವರು ತಾವು ಈ ಎರಡು ಬಗೆಯವರಲ್ಲಿ ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇದನ್ನು ಬಿಟ್ಟು ಸಂಸ್ಥೆಯ ಹೆಸರು ನೋಡಿ ಹೊರಟವರು ಹಣವನ್ನೂ ವರ್ಷಗಳನ್ನೂ ಕಳೆದುಕೊಳ್ಳುತ್ತಾರೆ.

ಔಪಚಾರಿಕ ಕಾರ್ಯಕ್ರಮವೆಂದರೆ ಕಾಲೇಜೇ ಪಾಠಕ್ರಮ ಕಟ್ಟಿಕೊಟ್ಟು, ಸಲಹೆಗಾರರನ್ನು ನೇಮಿಸಿ, ಕೊನೆಗೆ ಸಮಿತಿಯ ಶಿಫಾರಸು ಪತ್ರ ಕೊಡುವ ವ್ಯವಸ್ಥೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1955ರಲ್ಲಿ ಆರಂಭವಾದ ಕಾರ್ಯಕ್ರಮ ಇವುಗಳಲ್ಲಿ ಹಳೆಯದು. ಪೆನ್ಸಿಲ್ವೇನಿಯಾದ ಬ್ರಿನ್ ಮಾರ್, ಬಾಲ್ಟಿಮೋರ್ ಬಳಿಯ ಗೌಚರ್, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಕಾಲೇಜುಗಳೂ ಹೆಸರುವಾಸಿ. ಇವು ಬಹುಮಟ್ಟಿಗೆ ಮೊದಲ ಬಗೆಯವರಿಗೆ, ಅದರಲ್ಲೂ ಪದವಿಯಲ್ಲಿ ಒಳ್ಳೆಯ ಗ್ರೇಡ್ ಇದ್ದವರಿಗೆ ಮೀಸಲು. ಸಾಮಾನ್ಯ, ಸಾವಯವ ಎಂಬ ರಸಾಯನಶಾಸ್ತ್ರದ ಸರಪಳಿಯನ್ನು ಒಂದರ ಹಿಂದೊಂದು ಓದುತ್ತಾ ಹೋದರೆ ಎರಡು ವರ್ಷ ಬೇಕು. ಬ್ರಿನ್ ಮಾರ್, ಗೌಚರ್‌ಗಳಲ್ಲಿ ಬೇಸಿಗೆಯಲ್ಲೇ ಸಾಮಾನ್ಯ ರಸಾಯನಶಾಸ್ತ್ರ ಮುಗಿಸಿ, ಸುಮಾರು ಒಂದು ವರ್ಷದಲ್ಲಿ ಎಲ್ಲವನ್ನೂ ಪೂರೈಸುತ್ತಾರೆ.

ಕೆಲವು ಕಾರ್ಯಕ್ರಮಗಳಿಗೆ ವೈದ್ಯಕೀಯ ಕಾಲೇಜುಗಳೊಂದಿಗೆ ‘ಲಿಂಕೇಜ್’ ಒಪ್ಪಂದವಿದೆ. ಸಾಮಾನ್ಯ ಹಾದಿಯಲ್ಲಿ ಮೇ ತಿಂಗಳಲ್ಲಿ ಓದು ಮುಗಿಸಿ ಜೂನ್‌ನಲ್ಲಿ ಅರ್ಜಿ ಹಾಕಿದವರು ತರಗತಿಗೆ ಕೂರುವುದು ಮರುವರ್ಷದ ಬೇಸಿಗೆ ಕಳೆಯುವ ಹೊತ್ತಿಗೆ. ನಡುವಿನ ಆ ಕಾಯುವ ವರ್ಷವನ್ನು ಲಿಂಕೇಜ್ ಉಳಿಸುತ್ತದೆ. ಪ್ರತಿಯಾಗಿ, ಅರ್ಜಿದಾರರು ಸಾಮಾನ್ಯವಾಗಿ ಒಂದೇ ಕಾಲೇಜಿಗೆ ಮಾತುಕೊಟ್ಟು ನಿಗದಿತ ಗ್ರೇಡ್ ಕಾಯ್ದುಕೊಳ್ಳಬೇಕು. ಎಲ್ಲಿ ಓದಬೇಕೆಂಬುದು ಗಟ್ಟಿಯಾಗಿ ತೀರ್ಮಾನವಾದವರಿಗಷ್ಟೇ ಇದು ಒಳ್ಳೆಯ ವ್ಯವಹಾರ.

ಅನೌಪಚಾರಿಕ ಹಾದಿಯಲ್ಲಿ ಹತ್ತಿರದ ರಾಜ್ಯ ವಿಶ್ವವಿದ್ಯಾಲಯದಲ್ಲೋ ಸಂಜೆ ತರಗತಿಗಳಲ್ಲೋ ಬೇಕಾದ ವಿಷಯಗಳನ್ನಷ್ಟೇ ಆರಿಸಿ ಓದಲಾಗುತ್ತದೆ. ಖರ್ಚು ಸಾಮಾನ್ಯವಾಗಿ ಬಹಳ ಕಡಿಮೆ. ಕೆಲಸ ಬಿಡಬೇಕಾಗಿಲ್ಲ. ಕಷ್ಟ ಬೇರೆ ಕಡೆ ಇದೆ. ಪದವಿಗೆ ಸೇರದೆ ಬಿಡಿ ವಿಷಯ ಓದುವವರಿಗೆ ಅನೇಕ ಕಡೆ ನೋಂದಣಿಯ ಸರದಿ ಕಟ್ಟಕಡೆಗೆ ಬರುತ್ತದೆ. ಅಷ್ಟರಲ್ಲಿ ಸಾವಯವ ರಸಾಯನ ಪ್ರಯೋಗಾಲಯದ ಸೀಟುಗಳು ತುಂಬಿರುತ್ತವೆ, ಒಂದು ಸೀಟು ತಪ್ಪಿದರೆ ಅದರ ಮುಂದಿನ ಜೀವರಸಾಯನವೂ ತಪ್ಪುತ್ತದೆ. ಸಮಿತಿ ಪತ್ರವೂ ಸಿಗುವುದು ಕಷ್ಟ. ನೂರಾರು ಜನ ಕೂರುವ ತರಗತಿಯಲ್ಲಿ ಪ್ರಾಧ್ಯಾಪಕರಿಗೆ ಹೆಸರು ಗೊತ್ತಾಗುವಷ್ಟು ಸಲ ಅವರ ಕೊಠಡಿಗೆ ಹೋಗಿ ಪ್ರಶ್ನೆ ಕೇಳಿದವರಿಗೇ ಒಳ್ಳೆಯ ಶಿಫಾರಸು ದೊರೆಯುತ್ತದೆ.

ಕಡಿಮೆ ಗ್ರೇಡ್ ಇರುವವರು ಲೆಕ್ಕವನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು. 120 ಕ್ರೆಡಿಟ್‌ಗಳಲ್ಲಿ 3.0 ಜಿಪಿಎ (4.0ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ) ಇರುವವರು ಇನ್ನೂ 32 ಕ್ರೆಡಿಟ್ ಓದಿ ಎಲ್ಲದರಲ್ಲೂ 4.0 ಪಡೆದರೂ ಒಟ್ಟು ಜಿಪಿಎ 3.21ಕ್ಕೆ ಏರುತ್ತದೆ, ಅಷ್ಟೇ. ಕೇಂದ್ರೀಕೃತ ಅರ್ಜಿ ಸೇವೆಯಾದ ಆಮ್‌ಕಾಸ್ ಮರಳಿ ಓದಿದ ವಿಷಯದ ಹಳೆಯ ಗ್ರೇಡನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಆದರೆ ಪೋಸ್ಟ್‌ಬ್ಯಾಕ್ ಅವಧಿಯ ಜಿಪಿಎಯನ್ನು ಪ್ರತ್ಯೇಕ ಸಾಲಿನಲ್ಲೂ ತೋರಿಸುತ್ತದೆ. ಇಂಥವರ ಭರವಸೆ ಆ ಸಾಲಿನಲ್ಲಿದೆ, ಅದನ್ನು ಕಡಿಮೆ ಶುಲ್ಕದ ರಾಜ್ಯ ವಿಶ್ವವಿದ್ಯಾಲಯದಲ್ಲೂ ಗಳಿಸಬಹುದು. ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿರುವಂಥ ವಿಶೇಷ ಸ್ನಾತಕೋತ್ತರ ಕಾರ್ಯಕ್ರಮಗಳು ಬೇರೆಯೇ ಮಾತು. ಅಲ್ಲಿನ ಗ್ರೇಡ್ ಪದವಿಯ ಜಿಪಿಎಗೆ ಸೇರುವುದಿಲ್ಲ, ಮತ್ತು ಪಾಠಗಳು ವೈದ್ಯಕೀಯ ಕಾಲೇಜಿನ ಮಟ್ಟದವಾದ್ದರಿಂದ ಅಲ್ಲಿ ಎಡವಿದರೆ ವೈದ್ಯಕೀಯ ಓದನ್ನು ತಡೆದುಕೊಳ್ಳಲಾರರೆಂಬುದಕ್ಕೆ ಸಾಕ್ಷಿ ಒದಗಿಸಿದಂತಾಗುತ್ತದೆ.

ಕರ್ನಾಟಕದಲ್ಲಿ ಬಿಇ ಅಥವಾ ಬಿಎಸ್ಸಿ ಮುಗಿಸಿ ಅಮೆರಿಕದಲ್ಲಿ ನೆಲೆಸಿದವರಿಗೂ ಈ ಪ್ರಶ್ನೆ ಎದುರಾಗುತ್ತದೆ. ಭಾರತದ ಅಂಕಗಳನ್ನು ಆಮ್‌ಕಾಸ್ ಜಿಪಿಎ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅನೇಕ ವೈದ್ಯಕೀಯ ಕಾಲೇಜುಗಳು ಅಗತ್ಯ ವಿಷಯಗಳನ್ನು ಅಮೆರಿಕದಲ್ಲೋ ಕೆನಡಾದಲ್ಲೋ ಓದಿರಬೇಕೆನ್ನುತ್ತವೆ, ಪೌರತ್ವವೋ ಗ್ರೀನ್ ಕಾರ್ಡೋ ಇಲ್ಲದವರನ್ನು ತೆಗೆದುಕೊಳ್ಳದ ಕಾಲೇಜುಗಳೂ ಬಹಳ. ಹೀಗಾಗಿ ಶುಲ್ಕ ಕಟ್ಟುವ ಮೊದಲೇ ತಮಗೆ ಬೇಕಾದ ಕಾಲೇಜುಗಳ ನಿಯಮ ಓದಿಕೊಳ್ಳಬೇಕು. ಎಫ್-1 ವಿದ್ಯಾರ್ಥಿ ವೀಸಾದವರು ಪೂರ್ಣಾವಧಿ ಓದಬೇಕಾದ್ದರಿಂದ ಸಂಜೆ ಹೊತ್ತು ಒಂದೆರಡು ವಿಷಯ ಓದುವ ಅನುಕೂಲ ಅವರಿಗಿಲ್ಲ. ಎಚ್-4 ಅವಲಂಬಿತ ವೀಸಾದವರಿಗೆ ಆ ನಿರ್ಬಂಧವಿಲ್ಲ. ಭಾರತದಲ್ಲೇ ಎಂಬಿಬಿಎಸ್ ಮುಗಿಸಿದವರು ಯುಎಸ್ಎಂಎಲ್ಇ ಪರವಾನಗಿ ಪರೀಕ್ಷೆ ಬರೆದು ನೇರವಾಗಿ ರೆಸಿಡೆನ್ಸಿ ತರಬೇತಿಗೆ ಪ್ರಯತ್ನಿಸುತ್ತಾರೆ, ಪೋಸ್ಟ್‌ಬ್ಯಾಕ್ ಅವರಿಗೆ ಬೇಕಿಲ್ಲ.