ಮಲಿಕ್-ಎ-ಮೈದಾನದ ನಿರ್ಮಾತೃ

ವಿಜಯಪುರದ ಗಾಂಧಿ ಚೌಕದಿಂದ ಪಶ್ಚಿಮಕ್ಕೆ ಸಾಗಿದರೆ ಕೋಟೆಯ ಶೇರ್ಜಾ ಬುರುಜು ದೊರೆಯುತ್ತದೆ. ಅಲ್ಲಿರುವ ಮಲಿಕ್-ಎ-ಮೈದಾನ ತೋಪಿನ ತೂಕ ಸುಮಾರು 55 ಟನ್ನು. ಅದರ ಬಾಯಿ ಆನೆಯನ್ನು ನುಂಗುವ ಸಿಂಹದ ಮುಖ. ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪನ್ನು 1632ರಲ್ಲಿ ಪರಂಡೆಯಿಂದ ಇಲ್ಲಿಗೆ ತರಲಾಯಿತು.

ತೋಪಿನ ಮೇಲಿನ ಬರಹಗಳತ್ತ ಓದುಗರ ಗಮನವನ್ನು ಸೆಳೆಯಬಯಸುತ್ತೇವೆ. ಒಂದರಲ್ಲಿ ನಿಜಾಮಶಾಹನ ಹೆಸರೂ ಹಿಜರಿ 956 (ಕ್ರಿ.ಶ. 1549) ಎಂಬ ವರ್ಷವೂ ಇವೆ. ಇನ್ನೊಂದು 1686ರಲ್ಲಿ ವಿಜಯಪುರವನ್ನು ವಶಪಡಿಸಿಕೊಂಡ ಔರಂಗಜೇಬನ ವಿಜಯವನ್ನು ಸಾರುತ್ತದೆ. ಇವುಗಳ ಜೊತೆಯಲ್ಲಿಯೇ ಎರಕ ಹೊಯ್ದವನ ಹೆಸರೂ ಉಂಟು: ಮಹಮ್ಮದ ಬಿನ್ ಹಸನ್ ರೂಮಿ. ರೂಮಿಯೆಂದರೆ ರೂಮ್ ದೇಶದವನು, ಅಂದರೆ ಆಟೋಮನ್ ತುರ್ಕರ ನಾಡಿನವನು.

1565ರ ರಕ್ಕಸತಂಗಡಿ ಯುದ್ಧದಲ್ಲಿ ನಿಜಾಮಶಾಹಿ ತೋಪುಖಾನೆಯನ್ನು ನಡೆಸಿದವನು ಚಲಬಿ ರೂಮಿಖಾನನೆಂದು ಫಿರಿಶ್ತನು ಹೇಳುತ್ತಾನೆ. ಅಹಮದನಗರದ ಮೆಕ್ಕಾ ಮಸೀದಿಯನ್ನು ಕಟ್ಟಿಸಿದವನೂ ರೂಮಿಖಾನನೆಂಬ ಪ್ರತೀತಿಯಿದೆ. ಇವರೆಲ್ಲರೂ ಒಬ್ಬನೇ ಎಂದು ಭಾವಿಸುವುದು ವಾಡಿಕೆ. ಹಾಗಿದ್ದಲ್ಲಿ ಪರದೇಶದಿಂದ ಬಂದ ಎರಕದ ಕೆಲಸಗಾರನೊಬ್ಬನು ಅಧಿಕಾರಿಯೂ ಸಿರಿವಂತನೂ ಆದಂತಾಯಿತು. ಆದರೆ ರೂಮಿಖಾನ ಎಂಬುದು ಬಿರುದು. ಗುಜರಾತಿನ ಸುಲ್ತಾನರ ತೋಪುಖಾನೆಯಲ್ಲಿಯೂ ಅದನ್ನು ಪಡೆದವರಿದ್ದರು. ನಮ್ಮ ತೋಪಿನ ಮೇಲೆ ಆ ಬಿರುದಿಲ್ಲ. ತನ್ನ ಹೆಸರು, ತಂದೆಯ ಹೆಸರು, ನಾಡಿನ ಹೆಸರು, ಇಷ್ಟೇ.

ಆದುದರಿಂದ ಅವನ ಪದವಿಯನ್ನು ಕುರಿತು ಎಚ್ಚರಿಕೆಯಿಂದ ಮಾತನಾಡಬೇಕೆಂದು ನಮ್ಮ ಅಭಿಪ್ರಾಯ. ಅವನ ಕೌಶಲದ ವಿಷಯದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ತೋಪು ಕೈಯಿಂದ ಕೈಗೆ ಹೋಯಿತು. ಗೆದ್ದ ಅರಸನು ತನ್ನ ಹೆಸರನ್ನು ಸೇರಿಸಿದನೇ ಹೊರತು ಮಾಡಿದವನ ಹೆಸರನ್ನು ಅಳಿಸಲಿಲ್ಲ.